ಮನ್ಯಾಗ ಒಣಗಿಸಿದ ಖಂಡ

ಅಮ್ಮಾ,

ನಿನಗ ಓದಾಕ ಬರತಿರಲಿಲ್ಲ, ಈಗಂತೂ ನೀನ ಇಲ್ಲ. ಆದರೂ ಇವತ್ತಿನ ನಾಷ್ಟಾದ ಸುದ್ದಿ ನಿನಗ ಹೇಳಲಾರದ ಇರಾಕ ಆಗವಲ್ದು.

ಬಕ್ರೀದ್ ಮರುದಿನ ನಾ ಖಂಡ ಕೊಯ್ಯಾಕ ಕುಂತಾಗ ತಮ್ಮ ಮಂಜೂರ ನಕ್ಕ. "ಆಪಾ, ಒಣಖಂಡದ ಪಾಕೀಟ ಕೊಪ್ಪಳದಾಗ ಸಿಗತಾವ. ಈಗ ಯಾರು ಖಂಡ ಒಣಹಾಕಿ ಕಾಗಿ ಕಾಯ್ಕೋತ ಕುಂಡ್ರತಾರ?" ಅಂದ. ಒಂದು ತಂದೂ ಬಿಟ್ಟ.

ನೀ ಒಮ್ಮೆನೂ ನನ್ನ ಕೈಯಾಗ ಚಾಕು ಕೊಟ್ಟಾಕಿ ಅಲ್ಲ. "ನಾ ಇರೋತನ ಸುಮ್ನ ನೋಡ್ಕೋತ ಕುಂಡ್ರು" ಅಂತಿದ್ದಿ. ನಾ ಅಷ್ಟು ನೋಡೀನಿ ಅಂತ ನನಗ ಗೊತ್ತಿರಲಿಲ್ಲ. ಒಂದು ಮುದ್ದಿ ಖಂಡ ಎಲ್ಲೂ ಹರೀಲಾರದ, ಸೀರಿ ಮಡಿಕಿ ಬಿಚ್ಚಿದಂಗ, ಉದ್ದಕ ಬಿಚ್ಚಿಕೋತ ಹೋತು. ನನ್ನ ಕೈ ನಾನ ಬೆರಗಾಗಿ ನೋಡಿದೆ. ಅರಿಷಿಣ, ಉಪ್ಪು ಸವರಿ ಮಾಳಿಗಿ ಮ್ಯಾಲಿನ ತಂತಿಗೆ ಹಾಕಿದೆ.

ಇವತ್ತು ಮುಂಜಾನೆ ಎರಡನ್ನೂ ಕೆಂಡದ ಮ್ಯಾಲ ಸುಟ್ಟು ಜಜ್ಜಿದೆ. ಪಾಕೀಟಿಂದು ಪುಡಿಪುಡಿ ಆತು. ಮನಿದು ಹತ್ತಿ ಹಿಂಜಿದಂಗ ಎಳಿಎಳಿಯಾಗಿ ಬಿಚ್ಚಿತು. ಮನಿ ತುಂಬ ನೀ ಸುಡತಿದ್ದ ಖಂಡದ ವಾಸನಿನ ಎದ್ದಿತು.

ಮಂಜೂರ ಪಡಸಾಲ್ಯಾಗ ಕುಂತು ಪಾಕೀಟಿಂದು ತಿಂದು "ಛಲೋ ಐತಿ" ಅಂದ. ಆಮ್ಯಾಲ ನಂದು ಬಾಯಾಗ ಇಟ್ಟ, ತಿನ್ಕೋತ ಹೋದ. ರೊಟ್ಟಿ ಮುಗೀತು. ತಾಟಿನಿಂದ ತಲಿ ಎತ್ತಲಾರದ ಅಡಗಿಮನಿ ಕಡೆ ಕೂಗಿದ:

"ಅಮ್ಮಾ, ಇನ್ನೊಂದು ರೊಟ್ಟಿ."

ಹಂಚಿನ ಮ್ಯಾಲಿನ ಬಿಸಿ ರೊಟ್ಟಿ ತಗೊಂಡು, ನೀ ಅಂತಿದ್ದಂಗ ನಾನೂ ಒಳಗಿಂದನ ಅಂದೆ:

"ಬಂದೆ, ತಡಿ ಬೇಟಾ."

ನಿನ್ನ ಅತೀಯಾ