ಇದ್ದೋರ್ದಾ, ಹೋದೋರ್ದಾ?

ಸ್ಟೇಷನ್ ರಸ್ತೆ, ಬೀರೂರು
೧೯೮೭, ಕಾರ್ತಿಕ

ಅಜ್ಜಂಪುರದ ಓಂಕಾರಮೂರ್ತಿ ಯಜಮಾನರಿಗೆ, ಎಲ್ಲಿದ್ದೀರೋ ಅಲ್ಲಿಗೆ,

ಪಾತ್ರೆ ಕೆಂಚಮ್ಮ ಮಾಡುವ ನಮಸ್ಕಾರ. ನಾನು ಯಾರೆಂದು ನಿಮಗೆ ಗೊತ್ತಿಲ್ಲ. ನಿಮ್ಮ ಮುಖ ನಾನೂ ನೋಡಿದವಳಲ್ಲ. ನಿಮ್ಮ ಅಂಗಿಗಳನ್ನು ನೋಡಿದ್ದೇನೆ, ನನ್ನ ಕಸುಬಿಗೆ ಅಷ್ಟು ಸಾಕು. ಎಡತೋಳಿನ ತುದಿಯಲ್ಲಿ ಶಾಯಿ, ಅಂದರೆ ಎಡಗೈಯಲ್ಲಿ ಬರೆಯುವವರು. ಕಾಲರ್ ಬಿಚ್ಚಿ ತಿರುಗಿಸಿ ಹೊಲಿಸಿದ್ದೀರಿ, ಅಂದರೆ ಕೈ ಬಿಗಿ. ಎದೆಯ ಮೇಲಿನ ಗುಂಡಿ ಎಲ್ಲ ಅಂಗಿಯಲ್ಲೂ ಬೇರೆ ಬಣ್ಣದ್ದು. ಸಿಟ್ಟು ಬಂದರೆ ಅಂಗಿಯನ್ನು ಎಳೆದು ಬಿಚ್ಚುತ್ತಿದ್ದಿರಿ, ಆಮೇಲೆ ಕೂತು ಗುಂಡಿ ಹೊಲಿಯುವವರು ಒಬ್ಬರಿದ್ದರು. ಇದನ್ನೆಲ್ಲ ಹೇಳಿದಾಗ ನಿಮ್ಮ ಮನೆಯವರು, ಮಲ್ಲಿಕಾಂಬಮ್ಮ, ಬಾಯಿಗೆ ಸೆರಗಿಟ್ಟುಕೊಂಡು ನಕ್ಕಿದ್ದರು. "ನಿಂಗೆ ಹೆಂಗೆ ಗೊತ್ತಾಯ್ತೇ? ನಾನು ಮದುವೆಯಾಗಿ ವರ್ಷದ ಮೇಲೆ ತಿಳ್ಕೊಂಡಿದ್ದು!"

ತಲೆ ಮೇಲೆ ಸ್ಟೀಲ್ ಪಾತ್ರೆಯ ಬುಟ್ಟಿ ಹೊತ್ತು ಬೀದಿ ಬೀದಿ ತಿರುಗಿ, ಹಳೇ ಬಟ್ಟೆಗೆ ಪಾತ್ರೆ ಕೊಡುವುದು ಆಗ ನನ್ನ ಕೆಲಸ. ಬಂದ ಬಟ್ಟೆಯನ್ನು ಒಗೆದು, ಹರಿದದ್ದನ್ನು ಹೊಲಿದು, ತರೀಕೆರೆ, ಕಡೂರು ಸಂತೆಗಳಲ್ಲಿ ಮಾರುತ್ತಿದ್ದೆ. ಯಾರ ಮನೆಯಲ್ಲೇ ಆಗಲಿ, ಬಟ್ಟೆ ಮುಟ್ಟುವ ಮುಂಚೆ ಒಂದು ಮಾತು ಕೇಳುತ್ತಿದ್ದೆ: "ಇದ್ದೋರ್ದಾ, ಹೋದೋರ್ದಾ?" ಸತ್ತವರ ಬಟ್ಟೆಯನ್ನು ಜನ ದಾನ ಕೊಡುತ್ತಾರೆ. ದಾನಕ್ಕೆ ಕೈ ಒಡ್ಡುವವರು ಸಿಗದಿದ್ದರೆ ನನ್ನನ್ನು ಕೂಗುತ್ತಾರೆ. ಸಂತೆಯಲ್ಲಿ ಗುಟ್ಟು ಗೊತ್ತಾದರೆ ಕೊಳ್ಳುವವರಿಲ್ಲ. ಅದಕ್ಕೇ ಹೋದೋರ್ದಕ್ಕೆ ಲೋಟ, ಇದ್ದೋರ್ದಕ್ಕೆ ಪಾತ್ರೆ. ನನ್ನ ಬುಟ್ಟಿಯಿಂದ ಏನು ಹೊರಗೆ ಬಂತು ಅನ್ನುವುದನ್ನು ನೋಡಿಯೇ ಬಟ್ಟೆ ಎಂಥವರದೆಂದು ಬೀದಿಯ ಹೆಂಗಸರು ಹೇಳಿಬಿಡುತ್ತಿದ್ದರು.

ನೀವು ಊಟಕ್ಕೆ ಕೂತವರು, ನಿಮ್ಮ ಅಣ್ಣ ಆಡಿದ ಒಂದು ಮಾತಿಗೆ ಸಿಟ್ಟಾಗಿ ಎದ್ದು, ಕೈ ತೊಳೆದು, ಸ್ಟೇಷನ್ನಿಗೆ ನಡೆದುಹೋಗಿ ಆಗ ಏಳು ವರ್ಷ. ಒಂದು ಕಾಗದವಿಲ್ಲ, ಸುದ್ದಿಯಿಲ್ಲ. ಇನ್ನು ಕಾದದ್ದು ಸಾಕು, ಮಲ್ಲಿಕಾಂಬಮ್ಮನ ಬಳೆ ತೆಗೆಸಿಬಿಡೋಣ ಎಂದು ಮನೆಯ ಹಿರಿಯರು ಮಾತಾಡಿಕೊಳ್ಳುತ್ತಿದ್ದರು. ಅಂಥ ಹೊತ್ತಿನಲ್ಲಿ ನಿಮ್ಮ ಅತ್ತಿಗೆ ಸಾವಿತ್ರಮ್ಮ ನನ್ನನ್ನು ಜಗಲಿಗೆ ಕರೆದರು. "ಟ್ರಂಕಿನಲ್ಲಿ ಅಂಗಿ ಸುಮ್ನೆ ಕೊಳೀತಾವೆ, ಕೊಟ್ಟು ಏನಾದ್ರೂ ತಗೊಳ್ಳೇ ಮಲ್ಲಿ" ಅಂದರು. ಸುತ್ತ ಬೀದಿಯ ಹೆಂಗಸರೆಲ್ಲ ನೆರೆದಿದ್ದರು. ಮಲ್ಲಿಕಾಂಬಮ್ಮ ಒಂದು ಅಂಗಿ ತಂದು ನನ್ನ ಮುಂದೆ ಹಿಡಿದರು. ನನ್ನ ಬಾಯಿ ಅಭ್ಯಾಸದಂತೆ ಕೇಳಿಬಿಟ್ಟಿತು. ಕೇಳಿದ ಮೇಲೆಯೇ, ಯಾರ ಮುಂದೆ ಏನು ಕೇಳಿಬಿಟ್ಟೆ ಅನ್ನುವುದು ಹೊಳೆಯಿತು.

"ಇದ್ದೋರ್ದು" ಅಂದರು ನಿಮ್ಮ ಮನೆಯವರು. "ಊರಿಗೆ ಹೋಗವ್ರೆ. ಬತ್ತಾರೆ."

ಅಂಗಿ ನೋಡಿದೆ. ತಿರುಗಿಸಿದ ಕಾಲರೂ ಸವೆದುಹೋಗಿತ್ತು. ನ್ಯಾಯವಾಗಿ ಒಂದು ಚಮಚದ ಮಾಲು. ಆಮೇಲೆ ಅದನ್ನು ಹಿಡಿದಿದ್ದ ಕೈ ನೋಡಿದೆ, ಹಸಿರು ಬಳೆ ತುಂಬಿದ ಕೈ. ಬುಟ್ಟಿಯ ತಳಕ್ಕೆ ಕೈ ಹಾಕಿ, ಇದ್ದುದರಲ್ಲಿ ದೊಡ್ಡ ಬೋಗುಣಿ ತೆಗೆದು ಎಲ್ಲರ ಎದುರಿಗೇ ಕೊಟ್ಟೆ.

"ಏನೇ ಕೆಂಚಮ್ಮ, ಈ ಚಿಂದಿಗೆ ಬೋಗುಣಿನಾ? ತಲೆಗಿಲೆ ಕೆಟ್ಟೈತಾ?" ಅಂದರು ಸಾವಿತ್ರಮ್ಮ.

"ಇದ್ದೋರ್ದಕ್ಕೆ ನನ್ನ ರೇಟೇ ಇಷ್ಟು ಕಣ್ರವ್ವ" ಅಂದೆ.

ವ್ಯಾಪಾರದಲ್ಲಿ ನಾನು ಯಾರಿಗೂ ಒಂದು ಸೌಟು ಬಿಟ್ಟುಕೊಟ್ಟವಳಲ್ಲ, ಅದು ಊರಿಗೇ ಗೊತ್ತು. ಅಂಥವಳೇ ಬೋಗುಣಿ ಕೊಟ್ಟ ಮೇಲೆ, ನೀವು ಇಲ್ಲವೆಂದು ಆ ಬೀದಿಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಬಳೆಯ ಮಾತು ನಿಂತಿತು.

ಆಮೇಲೆ ವರ್ಷಕ್ಕೊಂದು ಅಂಗಿ ಕೊಡುತ್ತಾ ಬಂದರು. ಪಾತ್ರೆಯ ಆಸೆಗಲ್ಲ, ಯಜಮಾನ್ರೇ. ನಾನು ಕೇಳಬೇಕು, ಅವರು ಎಲ್ಲರಿಗೂ ಕೇಳುವಂತೆ "ಇದ್ದೋರ್ದು" ಅನ್ನಬೇಕು. ನಿಮ್ಮ ಅಂಗಿಗಳು ತರೀಕೆರೆಯಲ್ಲಿ ಮರ ಹೊತ್ತವು, ಕಡೂರಿನಲ್ಲಿ ಕೊಬ್ಬರಿ ಮೂಟೆ ಹೊತ್ತವು. ಅವಕ್ಕೆ ದುಡಿಯಲು ಗೊತ್ತಿತ್ತು, ಸಂಜೆಗೆ ಮನೆ ಸೇರಲೂ ಗೊತ್ತಿತ್ತು.

ಮುಂದೆ ನಾನು ಬುಟ್ಟಿ ಇಳಿಸಿ, ಇಲ್ಲಿ ಬೀರೂರಿನಲ್ಲಿ ಹಳೇ ಬಟ್ಟೆಯ ಅಂಗಡಿ ಹಾಕಿದೆ. ಒಂದು ಸಲ ತವರಿಗೆ ಹೊರಟಿದ್ದ ಮಲ್ಲಿಕಾಂಬಮ್ಮನನ್ನು ರೈಲು ಹತ್ತಿಸಲು ಹೋಗಿದ್ದೆ. ಪ್ಲಾಟ್‌ಫಾರ್ಮಿನಲ್ಲಿ ನಮ್ಮ ಮುಂದೆ ನೀಲಿ ಗೀಟಿನ ಅಂಗಿಯೊಂದು ನಡೆದು ಹೋಗುತ್ತಿತ್ತು. ನಾನು ಗುರುತು ಹಿಡಿಯುವಷ್ಟರಲ್ಲಿ ಅವರು ಕೈಚೀಲ ಬಿಸಾಕಿ ಓಡಿದ್ದರು. "ರೀ! ರೀ!" ಎಂದು ಕೂಗಿದರು. ಆ ಕೂಗಿಗೆ ಅರ್ಧ ಪ್ಲಾಟ್‌ಫಾರ್ಮಿನ ಗಂಡಸರು ತಿರುಗಿದರು. ನೀಲಿ ಗೀಟಿನ ಅಂಗಿಯೂ ತಿರುಗಿತು. ನಾನೇ ಮಾರಿದ್ದ ಅಂಗಿ, ಒಳಗಿದ್ದವನು ಹಮಾಲಿ ಕರಿಯಣ್ಣ.

"ಏನವ್ವಾ, ಲಗೇಜು ಹೊರಬೇಕಾ?" ಅಂದ, ಪಾಪ.

ನಿಮ್ಮ ಮನೆಯವರು ಅವನನ್ನು ಮೇಲಿಂದ ಕೆಳಗೆ ನೋಡಿ, ಸೆರಗು ಸರಿಮಾಡಿಕೊಂಡು, ಬೇಡವೆಂದು ತಲೆಯಾಡಿಸಿದರು. ಹಿಂದೆ ಬಂದು ಕೈಚೀಲ ಎತ್ತಿಕೊಂಡರು. ರೈಲು ಬಂತು. ಹತ್ತುವಾಗ ನನ್ನ ಕೈ ಹಿಡಿದು ಹೇಳಿದರು: "ಇನ್ಮೇಲೆ ಕೊಡಲ್ಲ ಕಣೇ ಕೆಂಚಮ್ಮ. ಒಂದೇ ಒಂದು ಉಳಿದೈತೆ. ಬಂದಾಗ ಹಾಕ್ಕೊಳ್ಳೋಕೆ ಬೇಕಲ್ಲ."

ಹೋದ ಮಾಘದಲ್ಲಿ ಮಲ್ಲಿಕಾಂಬಮ್ಮ ಕಾಮಾಲೆಯಾಗಿ ಹೋಗಿಬಿಟ್ಟರು. ನಿಮಗೆ ಈ ಸುದ್ದಿ ಬೇರೆ ಯಾರೂ ಬರೆದಿರಲಾರರು, ವಿಳಾಸವೇ ಇಲ್ಲವಲ್ಲ. ಕೈತುಂಬ ಬಳೆ ತೊಡಿಸಿ, ಹೂವು ಮುಡಿಸಿ, ಮುತ್ತೈದೆಯಾಗಿಯೇ ಮಣ್ಣು ಮಾಡಿದರು. ಯಾರೂ ತಕರಾರು ತೆಗೆಯಲಿಲ್ಲ. ಆ ದಿನ ಬೋಗುಣಿ ಕೊಟ್ಟು ಅವರ ಬಳೆ ಉಳಿಸಿದೆನೋ, ಕಾಯುವುದನ್ನೇ ಅವರ ತಲೆಗೆ ಕಟ್ಟಿದೆನೋ, ಕೂಡಿದಾಗಲೆಲ್ಲ ಬೇರೆ ಬೇರೆ ಮೊತ್ತ ಬರುತ್ತದೆ. ನೀವೊಂದು ಕಾರ್ಡು ಹಾಕಿದ್ದರೆ ಈ ಲೆಕ್ಕವೇ ನನ್ನ ಪಾಲಿಗೆ ಬರುತ್ತಿರಲಿಲ್ಲ.

ಕರ್ಮಗಳೆಲ್ಲ ಮುಗಿದ ಮೇಲೆ ಸಾವಿತ್ರಮ್ಮ ಹೇಳಿಕಳಿಸಿದರು. ಹೋದೆ. ಟ್ರಂಕು ತೆಗೆದು ಸೀರೆಗಳನ್ನು ಮುಂದಿಟ್ಟರು. ನಾನು ಕೇಳಲಿಲ್ಲ, ಕೇಳುವುದೇನಿತ್ತು. "ಹೋದೋರ್ದು" ಎಂದು ಅವರೇ ಹೇಳಿ ಕಣ್ಣೊರೆಸಿಕೊಂಡರು. ಸೀರೆಗಳ ಕೆಳಗೆ ನಿಮ್ಮ ಕೊನೆಯ ಅಂಗಿ ಇತ್ತು. ಬಿಳೀ ಟೆರಿಲಿನ್, ಇಸ್ತ್ರಿ ಮಾಡಿ ಮಡಚಿದ್ದು, ಎದೆಗೆ ಕೆಂಪು ಗುಂಡಿ. ಅದನ್ನು ಕೈಗೆತ್ತಿಕೊಂಡು ಸಾವಿತ್ರಮ್ಮ ಮಡಿಕೆಯ ಗೆರೆಯನ್ನು ಬೆರಳಲ್ಲಿ ಒತ್ತಿ ಸರಿಮಾಡಿದರು. ಬಳೆ ತೆಗೆಸೋಣ ಅಂದವರಲ್ಲಿ ಅವರೂ ಒಬ್ಬರು.

"ಇದು?" ಅಂದೆ.

"ಇದ್ದೋರ್ದು ಕಣೇ" ಅಂದರು. ಬೀದಿಯಲ್ಲಿ ಯಾರೂ ಇರಲಿಲ್ಲ. ಪಾತ್ರೆಯನ್ನೂ ಬೇಡವೆಂದರು.

ಆ ಅಂಗಿ ನನ್ನ ಅಂಗಡಿಯ ಮುಂದಿನ ಮೊಳೆಗೆ ನೇತುಹಾಕಿದ್ದೇನೆ. ರೈಲಿಳಿದು ಬರುವವರಿಗೆ ಮೊದಲು ಕಾಣುವುದು ಅದೇ. ದಿನಕ್ಕೊಬ್ಬರಾದರೂ ಬೆಲೆ ಕೇಳುತ್ತಾರೆ. "ಮಾರೋದಲ್ಲ ಕಣಪ್ಪ, ಯಜಮಾನ್ರು ಬತ್ತಾರೆ" ಅನ್ನುತ್ತೇನೆ. ಎಡಗೈಯಲ್ಲಿ ಚಿಲ್ಲರೆ ಎಣಿಸುವವರು ಕಂಡರೆ, ಈ ವಯಸ್ಸಿನಲ್ಲೂ ಎದ್ದು ನಿಂತು ಅವರ ಎದೆಯ ಮೇಲಿನ ಗುಂಡಿ ನೋಡುತ್ತೇನೆ.

ಬಂದರೆ ತಗೊಂಡು ಹೋಗಿ, ನನಗೇನೂ ಕೊಡಬೇಡಿ. ಬರದಿದ್ದರೂ ಚಿಂತೆಯಿಲ್ಲ, ಧೂಳು ಕೊಡವಿ ಇಡುತ್ತೇನೆ. ಆ ತಾಯಿ ಅಷ್ಟು ವರ್ಷ ಬೀದಿಯಲ್ಲಿ ನಿಂತು ಹೇಳಿದ ಮಾತು ಸುಳ್ಳಾಗದಿರಲಿ. ಎಲ್ಲೇ ಇರಿ, ಯಜಮಾನ್ರೇ, ಇದ್ದೋರಾಗಿರಿ.

ನಿಮ್ಮ ಅಂಗಿಗಳನ್ನು ಮಾತ್ರ ಬಲ್ಲ,
ಪಾತ್ರೆ ಕೆಂಚಮ್ಮ