ಕಾವೇರಿಗೆ ಬಿಟ್ಟ ಜಿಂಕೆ ದವಡೆ

ಕುಮಾರಸ್ವಾಮಿ ಲೇಔಟ್

ಮನೆ ಓನರ್ ಸೀತಮ್ಮನವರಿಗೆ, ಮಹಡಿ ಮನೆಯಿಂದ ನಮಸ್ಕಾರ.

ನಾನು ಊರಿಗೆ ಹೋಗಿದ್ದಾಗ ನಲ್ಲಿ ಸೋರುತ್ತಿದೆಯೆಂದು ಬೀಗ ತೆಗೆದಿರಿ, ಸರಿ. ಕಪಾಟಿನಲ್ಲಿದ್ದ ಮೂಳೆಗಳನ್ನು ಯಾರದೋ ಅಸ್ಥಿಯೆಂದುಕೊಂಡು ಶ್ರೀರಂಗಪಟ್ಟಣಕ್ಕೆ ಒಯ್ದು ಕಾವೇರಿಯಲ್ಲಿ ಬಿಟ್ಟೂ ಬಂದಿರಿ. ಕೇಳಿದರೆ, "ಯಾರೂ ಬಿಡೋರಿಲ್ದೆ ಕೂತಿತ್ತು, ಮುಕ್ತಿ ಸಿಗ್ಲಿ ಅಂತ ಮಾಡ್ದೆ ಕಣಪ್ಪ" ಅಂದಿರಿ.

ಅಮ್ಮ, ಅವು ಸಾವಿರಾರು ವರ್ಷ ಹಿಂದಿನ ಜಿಂಕೆಗಳವು. ಹಲ್ಲೆಲ್ಲ ಕಲ್ಲಾಗಿದ್ದವು. ಕೀವು ತಿಂದ ದವಡೆ, ಮುರಿದು ಸೊಟ್ಟಗೆ ಕೂಡಿದ ಕಾಲು, ಹೀಗೆ ರೋಗದ, ಪೆಟ್ಟಿನ ಗುರುತಿದ್ದವನ್ನೇ ವರ್ಷಗಟ್ಟಲೆ ಹುಡುಕಿ ಇಟ್ಟಿದ್ದೆ. ಅವು ನರಳಿದ್ದಕ್ಕೆ ಬೇರೆ ಸಾಕ್ಷಿಯಿಲ್ಲ.

ಭಾನುವಾರ ಜೊತೆಗೆ ಬಂದು ಬಿಟ್ಟ ಜಾಗ ತೋರಿಸಿ. ನೀರು ಕಡಿಮೆಯಿದೆ, ಹುಡುಕುತ್ತೇನೆ.

ಚೆನ್ನಾಗಿ ಬೈದು ಬರೆಯೋಣವೆಂದೇ ಕೂತೆ. ಆದರೆ ಹೊಳೆ ದಡದಲ್ಲಿ ಪುರೋಹಿತರು ಸತ್ತವರ ಗೋತ್ರ ಕೇಳಿದಾಗ ನೀವು ನಿಮ್ಮದನ್ನೇ ಹೇಳಿದಿರಂತೆ.

ಬೈಗುಳ ಬಾಕಿ ಉಳಿಸಿಕೊಂಡ,
ಸಿದ್ದಾರೂಢ