ಗುರುವಾರದ ಸಾಬೂದಾಣಿ

ಆಳಂದ
೯ ಜೂನ್ ೧೯೮೭, ಮಂಗಳವಾರ

ಅಫಜಲಪುರದಲ್ಲಿರುವ ನನ್ನ ಜೀವದ ಗೆಳತಿ ಹಜರಾಬಿಗೆ,

ಆಳಂದದ ಸುಭದ್ರಾಬಾಯಿಯ ಶರಣು, ಸಲಾಮು, ಎರಡೂ. ಯಾವುದು ಮೊದಲು ತಲುಪುತ್ತದೋ ಅದನ್ನು ಎದೆಗೆ ಒತ್ತಿಕೋ, ಇನ್ನೊಂದನ್ನು ತಲೆಯ ಮೇಲೆ ಇಟ್ಟುಕೋ. ನಿನ್ನ ಕಾರ್ಡುಗಳೆಲ್ಲ ಬಂದವು. ಕೊನೆಯದರಲ್ಲಿ ನೀನು "ಸತ್ತೀಯೋ ಬದುಕೀಯೋ, ಒಂದ ಸಾಲ ಗೀಚ ಬೇ" ಎಂದು ಬರೆದದ್ದನ್ನು ಪೋಸ್ಟಮನ್ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಿದ. ಓಣಿಗೆ ಓಣಿಯೇ ಕೇಳಿ ನಕ್ಕಿತು. ಬದುಕಿದ್ದೇನೆ, ಹಜರಾ. ಉತ್ತರ ಬರೆಯದಿದ್ದದ್ದು ತಪ್ಪೇ. ಬೇಕಾದರೆ ಬಂದು ಕಿವಿ ಹಿಂಡು.

ಈ ಕಾಗದ ಶುರು ಮಾಡಿದ ಮೇಲೆ ಎರಡು ಸಲ ಎದ್ದು ಹೋಗಿ ಬಂದೆ. ಒಮ್ಮೆ ನೀರಿನ ಕೊಡದ ಮೇಲೆ ಮುಚ್ಚಳ ಇದೆಯೇ ನೋಡಲು. ಇತ್ತು. ಇನ್ನೊಮ್ಮೆ ಯಾಕೆ ಎದ್ದೆನೋ ಹೊಸ್ತಿಲ ತನಕ ಹೋದ ಮೇಲೆ ಮರೆತೇಹೋಯಿತು. ಕೂತಲ್ಲಿ ಕೂಡಲಾಗುತ್ತಿಲ್ಲ. ಸೆಕೆ ಎಂದುಕೋ. ಮೋಡ ಕಟ್ಟುತ್ತದೆ, ಗುಡುಗುತ್ತದೆ, ಗಂಟೆ ಬಾರಿಸಿದ ಮೇಲೂ ಪಾತ್ರಧಾರಿ ರಂಗಕ್ಕೆ ಬರದಂತೆ ಎಲ್ಲ ಸುಮ್ಮನಾಗುತ್ತದೆ.

ಮಟಕಿ ಊರಿನ ನಾಟಕದಲ್ಲಿ ನನ್ನ ಅಪ್ಪ ರಾಜನ ವೇಷ ಹಾಕಿ ಗದೆ ಎತ್ತಿದಾಗ ನಿನ್ನ ಅಬ್ಬಾ ಗ್ಯಾಸಬತ್ತಿಗೆ ಗಾಳಿ ಹೊಡೆಯುತ್ತಿದ್ದ. ನಾವಿಬ್ಬರೂ ಪರದೆಯ ಹಿಂದೆ ಕೂತು ಕೂಗುವುದನ್ನು ಕಲಿತೆವು. ಆ ಗಂಟಲು ಇನ್ನೂ ಇದೆ. ಈಗ ಪರದೆ ಎತ್ತುತ್ತೇನೆ, ಕೇಳು!

ನನ್ನ ನೀಲಾ ಹೋದ ವರ್ಷ ಚೈತ್ರದಲ್ಲಿ ಕಾಮಾಲೆಯಾಗಿ ಕಣ್ಣು ಮುಚ್ಚಿದ್ದು ನಿನಗೆ ಗೊತ್ತು, ಮಣ್ಣಿಗೆ ನೀನೂ ಬಂದಿದ್ದೆ. ಅಳಿಯ ಬಸವಂತರಾಯ ಜೇವರ್ಗಿಯಲ್ಲಿ ಸಾಲಿ ಮಾಸ್ತರ. ಮೊಣಕಾಲೆತ್ತರದ ಕೂಸನ್ನು ಇಟ್ಟುಕೊಂಡು ಗಂಡಸು ಎಷ್ಟು ದಿನ ಇದ್ದಾನು? ಮಾಘದಲ್ಲಿ ಹಿರೋಳ್ಳಿಯ ಹುಡುಗಿಯನ್ನು ಮಾಡಿಕೊಂಡ. ಮಹಾನಂದಾ ಎಂದು ಹೆಸರು. ಮದುವೆಗೆ ನಾನು ಹೋಗಲಿಲ್ಲ. ಇವರು ಹೋಗಿ ಅಕ್ಷತೆ ಹಾಕಿ ಬಂದರು. ಅಂದಿನಿಂದ ನನ್ನ ಮೊಮ್ಮಗಳು ಚಂಪಾಳ ಮುಖವನ್ನು ನಾನು ನೋಡಲಿಲ್ಲ. ಅಳಿಯನ ಸೋದರತ್ತೆ ಸುಮಿತ್ರಾಬಾಯಿ ಇದ್ದಾಳಲ್ಲ, ಆ ಮನೆಯಲ್ಲಿ ಅವಳ ಮಾತಿಗೆ ಎರಡನೆಯ ಮಾತಿಲ್ಲ. ಮದುವೆಯ ಮಂಟಪದಲ್ಲೇ ಇವರಿಗೆ ಹೇಳಿದಳಂತೆ: "ಸತ್ತಾಕಿ ಮನಿಗಿ ಕೂಸಿನ ಎಷ್ಟಂತ ಕಳಸೂದ್ರಿ? ಅದಕ್ಕ ಈಗ ಹೊಸಾ ಅಜ್ಜಿ ಬಂದಾಳ."

ಆದರೆ ನಮ್ಮಲ್ಲಿ ಒಂದು ಪದ್ಧತಿ ಇದೆಯಲ್ಲ, ಸತ್ತವಳ ತವರೇ ಬಂದವಳ ತವರು. ಎರಡನೆಯ ಹೆಂಡತಿ ಮೊದಲನೆಯವಳ ಹೆಸರಿನ ಪುಟ್ಟ ಬಂಗಾರದ ಬಿಲ್ಲೆಯನ್ನು ತಾಳಿಯ ಪಕ್ಕ ಕಟ್ಟಿಕೊಳ್ಳುತ್ತಾಳೆ. ಮೊದಲನೆಯವಳ ತಾಯಿ ಅವಳನ್ನು ಮಗಳೆಂದು ಕರೆಸಿ ಉಡಿ ತುಂಬಬೇಕು. ಅದಾದರೆ ಬಾಗಿಲು ತೆರೆದಿರುತ್ತದೆ. ಇಲ್ಲದಿದ್ದರೆ ಕೂಸು ಆ ಕಡೆ, ನಾವು ಈ ಕಡೆ. ಅದಕ್ಕೇ ಇವರು ನನ್ನನ್ನು ಕೇಳದೆ ಜೇವರ್ಗಿಗೆ ಕಾಗದ ಬರೆದರು: ಗುರುವಾರ ಮಾವಿನ ಊಟಕ್ಕೆ ಎಲ್ಲರೂ ಬರಬೇಕು ಎಂದು.

ನಾನು ಸಿಡಿದೆದ್ದೆ. "ಶೀಕರಣಿ ಈ ಮನ್ಯಾಗ ಆಗಂಗಿಲ್ಲ!" ಎಂದೆ. ನೀಲಾ ಮಾವಿನ ರಸದ ಶೀಕರಣಿಯನ್ನು ಮೊಣಕೈ ತನಕ ಇಳಿಸಿಕೊಂಡು ನೆಕ್ಕುತ್ತಿದ್ದವಳು. ಅದನ್ನು ಬೇರೆಯವಳ ತಾಟಿಗೆ ನಾನು ಹೇಗೆ ಬಡಿಸಲಿ?

ಇವರು ಟೊಪ್ಪಿಗೆ ತೆಗೆದು ಗೂಟಕ್ಕೆ ಹಾಕಿ ಮೆಲ್ಲಗೆ ಅಂದರು, "ಮಾವಿನ ಊಟಕ್ಕ ಕರದು ಮಾವಿಲ್ಲದ ಊಟ ಹಾಕತೀಯೇನು? ನಿನ್ನ ನಾಟಕ ಒಂದ ದಿನಾ ಬಂದ್ ಇಡು ಸುಭದ್ರಾ. ಗುರುವಾರ ಕೆಡ್ತು ಅಂದ್ರ ಚಂಪಾ ಕೈ ಬಿಟ್ಟಂಗ."

ಊಟಕ್ಕೆ ಒಪ್ಪಿದೆ, ಶೀಕರಣಿಗೆ ಒಪ್ಪಲಿಲ್ಲ.

ಆಗ ಕೈ ಹಿಡಿದವಳು ಪಕ್ಕದ ಮನೆಯ ಮೆಹರಾಜಬೇಗಂ. ಅವಳ ತಮ್ಮ ಬಂಬಯಿಯಿಂದ ಹೊರಡುವ ಹಡಗಿನಲ್ಲಿ ಅಡುಗೆಯವ, ರಜೆಗೆ ಬಂದಿದ್ದ. ಹಾಂಗ್‌ಕಾಂಗ್ ಎಂಬ ಬಂದರಿನಲ್ಲಿ ಜನ ಮಾವಿನ ರಸಕ್ಕೆ ತೆಂಗಿನಹಾಲು ಬೆರೆಸಿ, ಬೇಯಿಸಿದ ಸಾಬೂದಾಣಿ ಹಾಕಿ, ಬರ್ಫದಲ್ಲಿಟ್ಟು ತಣ್ಣಗೆ ತಿನ್ನುತ್ತಾರಂತೆ. "ಬಾಯಾಗ ಇಟ್ರ ಹಲ್ಲಿಗಿ ಕೆಲಸಾನೇ ಇಲ್ರಿ ಆಪಾ" ಎಂದ. ನನಗೆ ಹಿಡಿಸಿತು. ಮಾವೂ ಆಯಿತು, ಶೀಕರಣಿಯೂ ಅಲ್ಲ. ನಮ್ಮ ಏಳು ತಲೆಮಾರಿನಲ್ಲಿ ಯಾರೂ ತಿನ್ನದ ಪದಾರ್ಥ. ಅದರಲ್ಲಿ ಯಾರ ನೆನಪೂ ಇರುವುದಿಲ್ಲ.

ಗುರುವಾರ ಬಂತು. ಇವರು ನಸುಕಿನ ಬಸ್ಸಿಗೆ ಬರ್ಫ ತರಲು ಗುಲಬರ್ಗಾಕ್ಕೆ ಹೋದರು. ನಾನು ಹಿಂದಿನ ದಿನವೇ ನೆನೆಸಿಟ್ಟಿದ್ದ ಸಾಬೂದಾಣಿಯನ್ನು ನೀರಿಗೆ ಹಾಕಿ ಒಲೆಯ ಮೇಲಿಟ್ಟೆ. ಉಪವಾಸದ ಖಿಚಡಿಗೆ ನಾವೆಲ್ಲ ಹಾಗೆಯೇ ನೆನೆಸುವುದಲ್ಲವೇ? ನೋಡನೋಡುತ್ತ ಕಾಳೆಲ್ಲ ಕರಗಿ ಅಂಟಾಯಿತು. ಎಂಥ ಅಂಟು! ನಾಟಕದ ಜಾಹೀರಾತನ್ನು ಊರ ಗೋಡೆಗಳಿಗೆಲ್ಲ ಹಚ್ಚಿದರೂ ಮಿಗುತ್ತಿತ್ತು. ಸೌಟು ಎತ್ತಿದರೆ ಪಾತ್ರೆಯೇ ಮೇಲೆ ಬರುತ್ತಿತ್ತು. ಅದೇ ಗಳಿಗೆಗೆ ಹೊರಗೆ ಬೀಗರ ದನಿ.

ಅಳಿಯ ಕಾಲು ಮುಟ್ಟಿದ. ಸುಮಿತ್ರಾಬಾಯಿ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತು, "ಮನಿ ಬಾಳ ಸೆಕಿ ಅದ ನೋಡ್ರಿ" ಎಂದು ಸೆರಗಿನಿಂದ ಗಾಳಿ ಬೀಸಿಕೊಂಡಳು. ಚಂಪಾ ನನ್ನನ್ನು ಕಂಡು ಹೊಸಬಳ ಸೀರೆಯ ಹಿಂದೆ ಅಡಗಿದಳು. ಆ ಹುಡುಗಿಯ ಕೊರಳಲ್ಲಿ ಬಿಲ್ಲೆ ಇತ್ತು. ನಾನು ಹೆಚ್ಚು ಹೊತ್ತು ನೋಡದೆ ಒಲೆ ಉರಿಯುತ್ತಿದೆ ಎಂದು ಒಳಗೆ ಬಂದುಬಿಟ್ಟೆ.

ಬೀಗರ ಮನೆಯವರು ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ, ಅದು ನಿನಗೂ ಗೊತ್ತು. ನನ್ನ ಬೆನ್ನ ಹಿಂದೆ ಬಳೆಯ ಸದ್ದಾಯಿತು. ನಾನು ತಿರುಗಿ, ಅಪ್ಪ ಸಭೆಯಲ್ಲಿ ಗರ್ಜಿಸುತ್ತಿದ್ದನಲ್ಲ, ಅದೇ ದನಿಯಲ್ಲಿ, "ಯಾರದು ಒಳಗ ಬಂದದ್ದು!" ಎಂದೆ.

"ನಾನ್ರಿ ಅವ್ವಾ, ಮಹಾನಂದಾ. ಹೊರಗ ಕುಂತ್ರ ಅತ್ತಿ ಬೈತಾರ, ಒಳಗ ಬಂದ್ರ ನೀವು ಬೈತೀರಿ. ನಿಮ್ಮ ಬೈಗಳಾ ನಾಟಕದಂಗ ಇರ್ತಾವಂತ ಕೇಳೇನಿ, ಅದಕ್ಕ ಇಲ್ಲಿ ಬಂದೆ."

ನನಗೆ ಎದುರು ಮಾತು! ನನಗೆ, ಹಜರಾ! ಅವಳು ಬಗ್ಗಿ ಪಾತ್ರೆ ನೋಡಿದಳು.

"ಇದರಿಂದ ಏನ ಅಂಟಸೂದದ ಅವ್ವಾ?"

"ನಗಬ್ಯಾಡ. ಇದು ಊಟಕ್ಕ."

"ಖಿಚಡಿಗಿ ನೆನಸಿದಂಗ ನೆನಸೀರಿ. ನೆನದ ಸಾಬೂದಾಣಿಗಿ ತುಪ್ಪ ಬೇಕು, ನೀರು ತೋರ್ಸಬಾರದು. ಒಣಾವು ಉಳದಾವೇನ್ರಿ?"

ಡಬ್ಬಿಯ ತಳದಲ್ಲಿ ಉಳಿದಿದ್ದವು. ಅವಳು ಸೆರಗು ಸಿಕ್ಕಿಸಿ, ದೊಡ್ಡ ಬೋಗುಣಿಯಲ್ಲಿ ನೀರು ಮರಳಿಸಿ, ಒಣ ಕಾಳನ್ನು ಮಳೆ ಸುರಿದಂತೆ ಸುರಿದು ತಿರುವಿದಳು. ಕಾಳಿನ ನಡುವೆ ಬಿಳಿ ಕಣ್ಣು ಉಳಿದಿರುವಾಗಲೇ ಇಳಿಸಿ ಮುಚ್ಚಿದಳು. ಕಣ್ಣು ಮಾಯವಾದ ಮೇಲೆ ಜರಡಿಗೆ ಸುರಿದು ತಣ್ಣೀರು ಹೊಯ್ದಳು. ಗಾಜಿನ ಮಣಿಗಳ ಹಾಗೆ ಒಂದೊಂದೂ ಬೇರೆ ಬೇರೆ. ಅಷ್ಟರಲ್ಲಿ ನಾನು ಜವಾರಿ ಹಣ್ಣಿನ ರಸ ಹಿಂಡಿದೆ. ಅವಳು ತೆಂಗು ತುರಿದು ಹಾಲು ತೆಗೆದಳು. ಸಕ್ಕರೆ ಹೆಚ್ಚೋ ಕಡಿಮೆಯೋ ಎಂದು ಇಬ್ಬರೂ ಒಂದೇ ಪಾತ್ರೆಗೆ ಬೆರಳದ್ದಿ ಜಗಳ ಆಡಿದೆವು.

ಮಧ್ಯಾಹ್ನ ಇವರು ಚೀಲ ಹೊತ್ತು ಬಂದರು, ಧೋತರ ಒದ್ದೆ. ದಾರಿಯಲ್ಲಿ ಬಸ್ಸು ಪಂಕ್ಚರ್. ಕಟ್ಟಿಗೆಯ ಹೊಟ್ಟು ಕೆದರಿದರೆ, ದಿಂಬಿನಷ್ಟು ಕೊಂಡ ಬರ್ಫ ತೆಂಗಿನಕಾಯಿಯಷ್ಟು ಉಳಿದಿತ್ತು. "ಉಳದದ್ದು?" ಎಂದು ಕಿರುಚಿದೆ. "ಉಳದದ್ದು ಬಸ್ಸಿನ ಮಂದೀ ಕಾಲು ತಣ್ಣಗ ಮಾಡ್ಯಾದ" ಎಂದರು.

ಆ ಚೂರನ್ನು ಒಡೆದು ಕೊನೆಗೆ ಬಟ್ಟಲಿಗೆ ಹಾಕಲು ಎತ್ತಿಟ್ಟು, ಸ್ಟೀಲಿನ ಡಬ್ಬಿಯಲ್ಲಿ ರಸ ತುಂಬಿ ಮುಚ್ಚಳ ಬಿಗಿದು ಹಿತ್ತಲ ಬಾವಿಗೆ ಇಳಿಬಿಟ್ಟೆವು. ಬಾವಿಯ ತಳ ವೈಶಾಖದಲ್ಲೂ ತಣ್ಣಗಿರುತ್ತದೆ. ಹಗ್ಗ ಇಬ್ಬರ ಕೈಯಲ್ಲಿ. ಎಳೆಯುವಾಗ ಡಬ್ಬಿ ಒಂದು ಕಡೆ ವಾಲಿತು. ನಾನು "ಹೋತು, ಹೋತು!" ಎಂದು ಊರು ಸೇರಿಸಿದೆ. ಆ ಹುಡುಗಿ ಹಲ್ಲು ಕಚ್ಚಿ ಹಗ್ಗ ಹಿಡಿದು ಅಂದಳು, "ಮ್ಯಾಲ ಬಂದ್ರ ಬೀಗರಿಗಿ ಊಟ ಅವ್ವಾ, ಬರಲಿಲ್ಲಂದ್ರ ಬಾವ್ಯಾಗಿನ ಗಂಗವ್ವಗ ಉಡಿ ತುಂಬಿದಂಗ!"

ನಾನು ನಕ್ಕೆ. ಬಾವಿಗಟ್ಟೆಗೆ ಹೊಟ್ಟೆ ಒತ್ತಿ ನಕ್ಕೆ. ನನ್ನ ನಗೆ ಬಾವಿಯೊಳಗೆ ಹೋಗಿ ತಿರುಗಿ ಬಂತು. ಚಂಪಾ ಓಡಿ ಬಂದು ನಮ್ಮಿಬ್ಬರ ನಡುವೆ ನುಸುಳಿ ಹಗ್ಗಕ್ಕೆ ಕೈ ಹಚ್ಚಿದಳು. ಡಬ್ಬಿ ಮೇಲೆ ಬಂತು.

ಊಟಕ್ಕೆ ಕೂತರು. ಹೋಳಿಗೆ ಆಯಿತು, ಅನ್ನ ಆಯಿತು. ನಾನು ಬಟ್ಟಲು ತಂದೆ. ಕೆನೆಹಳದಿ ರಸದಲ್ಲಿ ಮಣಿಗಳು, ಮೇಲೆ ಬರ್ಫದ ಚೂರು. ಸುಮಿತ್ರಾಬಾಯಿ ಬೆರಳಿನಿಂದ ಒಂದು ಕಾಳು ಎತ್ತಿ ಬೆಳಕಿಗೆ ಹಿಡಿದಳು.

"ಸಾಬೂದಾಣಿ!" ಎಂದಳು. "ಬೀಗತಿ, ಇವತ್ತ ಯಾವ ಒಪ್ಪತ್ತು ಹೇಳ್ರಿ? ಗುರುವಾರ ದಿನಾ ಅಳಿಯಾಗ ಕರಸಿ ಉಪವಾಸದ್ದು ಬಡಸಾಕತ್ತೀರಿ. ಹೊಸಾ ಮದವಿ ಆದವರ ಬಾಯಾಗ ಸೂತಕದ ತುತ್ತೇನು? ಏಳೋ ಬಸವಂತಾ."

ನನ್ನ ತಲೆಯೊಳಗೆ ಗ್ಯಾಸಬತ್ತಿ ಆರಿದ ಹಾಗಾಯಿತು. ಹೌದಲ್ಲ! ಉಪವಾಸಕ್ಕಲ್ಲದೆ ಸಾಬೂದಾಣಿಯನ್ನು ನಮ್ಮಲ್ಲಿ ಯಾರು ಹಬ್ಬಕ್ಕೆ ಬಡಿಸುತ್ತಾರೆ? ಹಾಂಗ್‌ಕಾಂಗಿನವರಿಗೆ ಒಪ್ಪತ್ತಿಲ್ಲ, ನನಗಾದರೂ ಬುದ್ಧಿ ಬೇಡವೇ? ಅಳಿಯನ ಕೈ ತಾಟಿನಿಂದ ಮೇಲೆದ್ದಿತ್ತು. ಇವರ ಮುಖ ಬಿಳುಚಿತ್ತು.

ಮಹಾನಂದಾ ಬಡಿಸುವ ಸೌಟನ್ನು ಕೆಳಗಿಟ್ಟಳು.

"ಅತ್ತಿ, ಇದು ನಾ ಮಾಡಿದ್ದರಿ. ನನ್ನ ತವರಮನಿ ಒಲಿ ಮ್ಯಾಲ ನನ್ನ ಕೈಲೆ ಮಾಡೇನಿ. ತಪ್ಪಾಗಿದ್ರ ಜೇವರ್ಗಿಗಿ ಹೋಗಿ ನನಗ ಬೈರಿ. ಇಲ್ಲಿ ನಮ್ಮ ಅವ್ವನ ಮುಂದ ಎದ್ದು ಹೋಗಬ್ಯಾಡ್ರಿ."

ಬಸವಂತರಾಯ ಸೋದರತ್ತೆಯ ಮುಖ ನೋಡದೆ ಬಟ್ಟಲು ಎತ್ತಿ ತುಟಿಗಿಟ್ಟ. ಒಮ್ಮೆ ನುಂಗಿದ, ಮತ್ತೆ ಎತ್ತಿದ. ಚಂಪಾ ಅಪ್ಪನ ಬಟ್ಟಲಿಗೇ ಕೈ ಹಾಕಿದಳು. ಸುಮಿತ್ರಾಬಾಯಿ ಸ್ವಲ್ಪ ಹೊತ್ತು ಕಾಲು ಮಡಿಸಲೂ ಇಲ್ಲ, ಏಳಲೂ ಇಲ್ಲ. ಬರ್ಫ ಕರಗುವುದನ್ನು ನೋಡಿ ಆಸೆ ತಡೆಯದೆ ಒಂದು ಚಮಚ ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು. ಮುದುಕಿಯ ಹಲ್ಲಿಗೆ ಕೆಲಸವೇ ಇಲ್ಲವಲ್ಲ!

"ಇಂಥಾ ಒಪ್ಪತ್ತು ದಿನಾ ಬಂದ್ರ ನಾ ಊಟಾನೇ ಬಿಡತೇನಿ. ಇನ್ನೊಂದ ಬಟ್ಟಲ ತರ್ರಿ" ಎಂದಳು.

ಆಮೇಲಿನದು ಸುಲಭವಾಯಿತು. ಹುಡುಗಿಯನ್ನು ಮಣೆಯ ಮೇಲೆ ಕೂಡಿಸಿ, ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು, ಖಣ ಹಾಕಿ ಉಡಿ ತುಂಬಿದೆ. ಹೊರಡುವಾಗ ಅವಳೇ ಸುಮಿತ್ರಾಬಾಯಿಗೆ ಅಂದಳು, "ಮಳಿ ಹಿಡಿಯೂತನಾ ಚಂಪಾ ಅಜ್ಜಿ ಮನ್ಯಾಗ ಇರಲ್ರಿ ಅತ್ತಿ." ಆ ಹೆಂಗಸು ಬಾಯಿ ಒರೆಸಿಕೊಳ್ಳುತ್ತ, "ಇರ್ಲಿ, ಆದ್ರ ದಿನಾ ಸಿಹಿ ತಿನಸಿ ಹಲ್ಲ ಕೆಡಸಬ್ಯಾಡ್ರಿ" ಎಂದಳು. ಅಷ್ಟೇ! ಇಷ್ಟು ತಿಂಗಳು ಹೆದರಿದ್ದು ಇಷ್ಟರಲ್ಲಿ ಮುಗಿಯಿತು.

ಈಗ ಚಂಪಾ ಮೆಹರಾಜಬೇಗಂಳ ಮೇಕೆಮರಿಯ ಹಿಂದೆ ಓಡುತ್ತಿದ್ದಾಳೆ. ಮತ್ತೆ ಎದ್ದು ನೋಡಿ ಬಂದೆ. ನಿನ್ನ ಮೊಣಕಾಲು ನೋವು ಹೇಗಿದೆ? ಎಣ್ಣೆ ಹಚ್ಚು, ಸೊಸೆಯ ಮೇಲೆ ಸಿಟ್ಟು ಹಚ್ಚಬೇಡ. ನಿನ್ನ ಮನೆಯ ಒಲೆ ಆರದಿರಲಿ, ಮಕ್ಕಳ ದನಿ ಅಂಗಳದಲ್ಲಿ ತುಂಬಿರಲಿ, ನಿನ್ನ ಅಲ್ಲಾಹ್ ನಮ್ಮ ಬಸವಣ್ಣ ಇಬ್ಬರೂ ಸೇರಿ ನಿನ್ನನ್ನು ನೂರು ವರ್ಷ ಬದುಕಿಸಲಿ, ನನಗೆ ಬೈಯುವುದಕ್ಕಾದರೂ.

ನಿನ್ನ
ಸುಭದ್ರಾ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮೊದಲು ಮತ್ತೆ ತೆರೆದೆ. ಕೂತಲ್ಲಿ ಕೂಡಲಾಗದ್ದಕ್ಕೆ ಸೆಕೆ ಎಂದು ಬರೆದೆನಲ್ಲ, ಸೆಕೆಯಲ್ಲ. ಆ ಹುಡುಗಿ ಒಣ ಸಾಬೂದಾಣಿ ಕೇಳಿದಾಗಿನಿಂದ ಅವರ ಬಸ್ಸು ಹೋಗುವ ತನಕ ನೀಲಾ ನನಗೆ ನೆನಪಾಗಲಿಲ್ಲ, ಹಜರಾ. ಒಮ್ಮೆಯೂ ಇಲ್ಲ. ಉಡಿ ತುಂಬುವಾಗಲೂ ಇಲ್ಲ. ಸಂಜೆ ಬಟ್ಟಲು ತೊಳೆಯಲು ಕೂತಾಗ ತಿಳಿಯಿತು. ನೀಲಾ ಹೋದ ಮೇಲೆ ಹೀಗಾದದ್ದು ಇದೇ ಮೊದಲು. ಈಗ ಬೇಕೆಂದೇ ನೆನೆಸಿಕೊಳ್ಳಲು ಕೂತರೆ ದನಿ ಬರುತ್ತದೆ, ಮುಖ ಬರುವುದಿಲ್ಲ. ಎದ್ದು ಓಡಾಡಿದರೆ ಬಂದಾಳೇನೋ ಎಂದು ಮನೆಯ ತುಂಬ ಓಡಾಡುತ್ತಿದ್ದೇನೆ. ನೀನೂ ಒಂದು ಕೂಸನ್ನು ಮಣ್ಣಿಗೆ ಕೊಟ್ಟವಳು. ನಿನಗೆ ಮೊದಲ ಸಲ ಮರೆತ ದಿನ ಯಾವುದು ಬೇ? ಮರುದಿನ ನೀನು ಹೇಗೆ ಎದ್ದೆ? ಕಾರ್ಡಿನಲ್ಲಿ ಬರೆಯಬೇಡ. ನೀನೇ ಬಂದು ಹೇಳು.